ಯಾರು ಹೇಳಿದರೂ ಚುಚ್ಚಬೇಡಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಹನ್ನೊಂದು ಬಹುಮಾನ ಬಂದಿವೆ. ಅವುಗಳಲ್ಲಿ ಒಂದೂ ಮಕ್ಕಳ ವಾರ್ಡಿನಲ್ಲಿ ಉಪಯೋಗಕ್ಕೆ ಬರಲಿಲ್ಲ. ಎರಡು ಮೂರು ತೊಂದರೆ ಕೊಟ್ಟವು. ಹೊಸದಾಗಿ ಕೆಲಸಕ್ಕೆ ಸೇರುವ ಡಾಕ್ಟರುಗಳಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದವರು ಸೇವೆ, ಸಮರ್ಪಣೆ ಇತ್ಯಾದಿಯನ್ನು ನಿರೀಕ್ಷಿಸಿರಬಹುದು. ಆ ಪದಗಳನ್ನೆಲ್ಲ ನನ್ನ ಬೀಳ್ಕೊಡುಗೆಯ ದಿನ ಬೇರೆಯವರು ಬಳಸಿ ಮುಗಿಸಿದ್ದಾರೆ. ನಾನು ಒಂದು ಚೀಟಿಯ ಬಗ್ಗೆ ಬರೆಯುತ್ತೇನೆ. ಬರೆದವಳು ನಾನೇ. ಚೆನ್ನಾಗಿಯೇ ಬರೆದಿದ್ದೆ. ತೊಂದರೆ ಅಲ್ಲಿಂದಲೇ ಶುರುವಾಯಿತು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ತುಮಕೂರಿನ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಸೇರಿದೆ. ಯಾರು ಏನು ಹೇಳಿದರೂ ‘ಅದಕ್ಕೆ ಆಧಾರ ಏನು?’ ಎಂದು ಕೇಳುವ ವಯಸ್ಸು. ನಮ್ಮ ಮುಖ್ಯಸ್ಥರು ಇದಕ್ಕೆ ತದ್ವಿರುದ್ಧ. ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: “ನೋಡಣ.” ಔಷಧಿ ಬದಲಿಸೋಣವೇ ಎಂದರೆ ನೋಡಣ, ಬೆಂಗಳೂರಿಗೆ ಕಳಿಸೋಣವೇ ಎಂದರೆ ನೋಡಣ. ಇದು ವೈದ್ಯಶಾಸ್ತ್ರವೇ ಅಲ್ಲ ಎಂದು ನಾನು ಕಾರಿಡಾರಿನಲ್ಲಿ ವಾದಿಸುತ್ತಿದ್ದೆ. ಅರ್ಧಕ್ಕರ್ಧ ಮಕ್ಕಳು ಅವರು ನೋಡುತ್ತಿದ್ದಂತೆಯೇ ಗುಣವಾಗಿ ಮನೆಗೆ ಹೋಗುತ್ತಿದ್ದರು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ಪಾಲಿಗೆ ಬಂದದ್ದು ಹಿಮೊಫಿಲಿಯಾ ಇರುವ ಮಕ್ಕಳು. ಕನ್ನಡದಲ್ಲಿ ಇದಕ್ಕೆ ಕುಸುಮ ರೋಗ ಎನ್ನುತ್ತಾರೆ. ಆ ಹೆಸರಿಟ್ಟವರು ರೋಗವನ್ನು ನೋಡಿರಲಾರರು. ರಕ್ತವನ್ನು ಹೆಪ್ಪುಗಟ್ಟಿಸುವ ಒಂದು ಅಂಶ ಈ ಮಕ್ಕಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಹೆಚ್ಚಾಗಿ ಗಂಡುಮಕ್ಕಳೇ. ಚರ್ಮ ಕೊಯ್ದರೆ ಕಟ್ಟು ಕಟ್ಟಬಹುದು; ಮಂಡಿಯೊಳಗೆ, ಮಾಂಸದೊಳಗೆ ರಕ್ತ ಸೋರತೊಡಗಿದರೆ ಕಟ್ಟುವುದೆಲ್ಲಿ? ಅದಕ್ಕೇ ಇವರ ಮಾಂಸಕ್ಕೆ ಸೂಜಿ ಹಾಕಬಾರದು; ರಕ್ತನಾಳಕ್ಕಾದರೆ ಒತ್ತಿ ಹಿಡಿದು ನಿಲ್ಲಿಸಬಹುದು. ಇದನ್ನು ತಿಳಿಯಲು ಐದೂವರೆ ವರ್ಷ ಓದಬೇಕಿಲ್ಲ. ಆದರೆ ನಮ್ಮ ಕಡೆ ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ. ಮಾತ್ರೆ ಬರೆದುಕೊಟ್ಟರೆ, “ಒಂದು ಸೂಜಿ ಹಾಕ್ಬುಡಿ ಸಾರ್, ಅಷ್ಟು ದೂರದಿಂದ ಬಂದಿದೀವಿ” ಎಂದು ಬಸ್ ಚಾರ್ಜಿನ ನಷ್ಟ ಹೇಳಿಕೊಳ್ಳುವ ಜನ.

ಅಲ್ತಾಫ್ ನನ್ನ ಹತ್ತಿರ ಮೊದಲು ಬಂದಾಗ ಅವನಿಗೆ ನಾಲ್ಕು ವರ್ಷ; ಕಾಯಿಲೆ ಇರುವುದು ಮನೆಯವರಿಗೆ ಹಿಂದೆಯೇ ಗೊತ್ತಿತ್ತು. ತಂದೆ ರಹಮತ್ ಗುಬ್ಬಿಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ಟ್ರಂಕು, ರಾಗಿ ಹಿಟ್ಟಿನ ಡಬ್ಬ ಅವರ ಕೈಯಲ್ಲಿ ತಯಾರಾಗುತ್ತಿದ್ದವು. ತಾಯಿ ಫಾತಿಮಾಬಿ ಏಳನೇ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವರು, ಮಾತು ಕಮ್ಮಿ. ಹುಡುಗನ ತೊಡೆ ಊದಿಕೊಂಡು ಅವನ ಸೊಂಟಕ್ಕಿಂತ ದಪ್ಪವಾಗಿತ್ತು. ಚೇಳೂರಿನ ತವರುಮನೆಗೆ ಹೋಗಿದ್ದಾಗ ಜ್ವರ ಬಂದು, ಅಲ್ಲಿ ಡಾಕ್ಟರೆನ್ನಿಸಿಕೊಂಡ ಒಬ್ಬರ ಹತ್ತಿರ ತೋರಿಸಿದ್ದರು.

ವಾರ್ಡಿನ ಹಿರಿಯ ನರ್ಸ್ ಕಾಂತಮ್ಮ ಬೈದರು. “ಏನಮ್ಮ, ಇಂಥ ಮಗೀಗೆ ಸೂಜಿ ಹಾಕಿಸ್ಕೊಂಡ್ ಬಂದಿದೀಯಲ್ಲ!”

“ನಾನೆಲ್ಲಿ ಹಾಕಿಸ್ದೆ ಸಿಸ್ಟರ್? ಮಾತ್ರೆ ಸಾಕು ಅಂದೆ. ಸೂಜಿ ಇಲ್ದೆ ಜ್ವರ ಇಳಿಯಲ್ಲ, ನೀನೇನು ಡಾಕ್ಟ್ರಾ ಅಂದ್ರು. ನಾನು ಡಾಕ್ಟ್ರಲ್ವಲ್ಲ.”

ಅವನಿಗೆ ಆ ದಿನ ಪ್ಲಾಸ್ಮಾ ಕೊಡಬೇಕಿತ್ತು. ದಾನಿಗಳ ರಕ್ತದಿಂದ ಬೇರ್ಪಡಿಸಿದ ಹಳದಿ ನೀರು ಅದು. ಇವನಲ್ಲಿ ಇಲ್ಲದ ಅಂಶ ಅದರಲ್ಲಿ ಅಷ್ಟಿಷ್ಟು ಇರುತ್ತದೆ. ಬರುತ್ತಿದ್ದದ್ದು ಪ್ಲಾಸ್ಟಿಕ್ ಚೀಲದಲ್ಲಿ, ಎಲ್ಲರೂ ಅನ್ನುತ್ತಿದ್ದದ್ದು ಬಾಟ್ಲಿ. ಫಾತಿಮಾಬಿ ಹಿಂಜರಿದರು. ಯಾರದೋ ರಕ್ತ, ಏನಿರುತ್ತದೋ ಎಂದರು. ಪ್ರತಿಪಕ್ಷ ಸಿಕ್ಕಿದ ಸಂತೋಷದಲ್ಲಿ ನಾನು ಚೀಲ ಎತ್ತಿ ಅದರ ಮೇಲಿನ ಚೀಟಿ ತೋರಿಸಿದೆ. “ಎಲ್ಲ ಟೆಸ್ಟ್ ಆಗಿದೆ. ಇದ್ರಲ್ಲಿ ಏನೂ ಇಲ್ಲ.”

“ಏನೂ ಇಲ್ಲ ಅಂತ ಬರ್ದಿದಾರಾ?”

“ಬರ್ದಿದಾರೆ.”

ಬರೆದಿದ್ದದ್ದು ಹಾಗಲ್ಲ. ನಾಲ್ಕು ಕಾಯಿಲೆಗಳ ಹೆಸರು ಹಾಕಿ, ಅವು ಕಂಡುಬಂದಿಲ್ಲ ಎಂದು ಬರೆದಿತ್ತು. ಈ ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆ ಎಂದು ನನಗೆ ತಿಳಿಯಲು ಎಂಟು ವರ್ಷ ಬೇಕಾಯಿತು.

ಊತ ಇಳಿದು ಹುಡುಗ ಮನೆಗೆ ಹೋದ ಮೇಲೆ ಒಂದು ಭಾನುವಾರ ನಾನೇ ಚೇಳೂರಿಗೆ ಹೋದೆ. ಸೂಜಿ ಹಾಕಿದವರನ್ನು ಹುಡುಕಿ, ಅರ್ಧ ಗಂಟೆ ವಿವರಿಸಿದೆ. ಅವರು ಕುರ್ಚಿ ಕೊಟ್ಟು, ಎಳನೀರು ತರಿಸಿ, ಸಮಾಧಾನದಿಂದ ಕೇಳಿಸಿಕೊಂಡರು.

“ನೀವು ಹೇಳೋದೆಲ್ಲ ನಿಜ ಮೇಡಂ. ಆದ್ರೆ ನಾನು ಸೂಜಿ ಹಾಕ್ದೆ ಕಳ್ಸಿದ್ರೆ ಬಸ್‌ಸ್ಟಾಂಡ್ ಹತ್ರ ಇನ್ನೊಬ್ಬ ಅವ್ನೆ, ಅವನ ಹತ್ರ ಹೋಗ್ತಾರೆ. ಅವನ ಸೂಜಿ ನನ್ನ ಸೂಜಿಗಿಂತ ದಪ್ಪ.”

ಎಳನೀರು ಮುಗಿಸಿ ಎದ್ದೆ. ವಾಪಸ್ ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ: ಸೂಜಿ ಹಿಡಿದವರನ್ನು ಒಬ್ಬೊಬ್ಬರನ್ನಾಗಿ ಗೆಲ್ಲುತ್ತ ಕೂರುವ ಬದಲು ಮಗುವಿನ ಅಂಗಿಯ ಮೇಲೇ ವಾದವನ್ನು ಪಿನ್ನು ಹಾಕಿ ಸಿಕ್ಕಿಸಿದರೆ?

ಹಾಗೆ ಚೀಟಿ ಹುಟ್ಟಿತು. ‘ಈ ಮಗುವಿಗೆ ಕುಸುಮ ರೋಗವಿದೆ. ಸೂಜಿ ಚುಚ್ಚಬೇಡಿ’ ಎಂದು ಬರೆದೆ. ಕಾಂತಮ್ಮ ಓದಿ, “ಒಂದೇ ಒಂದು ಚುಚ್ತೀನಿ ಅಂತಾರೆ” ಅಂದರು. ‘ಒಂದೂ ಚುಚ್ಚಬೇಡಿ’ ಎಂದು ಸೇರಿಸಿದೆ. “ಜ್ವರಕ್ಕೆ ಪರವಾಗಿಲ್ಲ ಅಂತಾರೆ” ಅಂದರು. ‘ಜ್ವರಕ್ಕೂ ಚುಚ್ಚಬೇಡಿ.’ “ದೊಡ್ಡ ಡಾಕ್ಟ್ರು ಹೇಳವ್ರೆ ಅಂತಾರೆ” ಅಂದರು. ಆಗ ನಾನು ಕೊನೆಯ ಸಾಲು ಬರೆದೆ: ‘ಯಾರು ಹೇಳಿದರೂ ಚುಚ್ಚಬೇಡಿ.’ ಎದುರಾಳಿ ನುಗ್ಗಬಹುದಾದ ಎಲ್ಲ ಬಾಗಿಲೂ ಮುಚ್ಚಿದವು. ಅಡಿಯಲ್ಲಿ ಉರ್ದುವಿನಲ್ಲೂ ಬರೆಸಿ, ಲ್ಯಾಮಿನೇಟ್ ಮಾಡಿಸಿ ನಮ್ಮ ಮಕ್ಕಳಿಗೆಲ್ಲ ಹಂಚಿದೆ. ಮುಖ್ಯಸ್ಥರು ಕನ್ನಡಕ ಏರಿಸಿ ಓದಿ, “ಗಟ್ಟಿಯಾಗಿದೆ. ನೋಡಣ” ಅಂದರು.

ಚೀಟಿ ಕೆಲಸ ಮಾಡಿತು. ಗುಬ್ಬಿ, ಕುಣಿಗಲ್, ಬೆಳ್ಳಾವಿ ಕಡೆಯಿಂದ ಊದಿದ ತೊಡೆಗಳು ಬರುವುದು ನಿಂತೇ ಹೋಯಿತು ಎನ್ನಬಹುದು. ಮಂಡಿಯೊಳಗೆ ರಕ್ತ ಸೋರಿದಾಗ ಮಾತ್ರ ಬರುತ್ತಿದ್ದರು, ಬಾಟ್ಲಿ ಹಾಕಿ ಕಳಿಸುತ್ತಿದ್ದೆವು. ಅಲ್ತಾಫನಿಗೆ ಎಷ್ಟು ಬಾಟ್ಲಿ ಹಾಕಿದೆವೋ ನನಗೆ ನೆನಪಿಲ್ಲ. ಪ್ರತಿ ಸಲವೂ ಫಾತಿಮಾಬಿ ಚೀಲದ ಮೇಲಿನ ಚೀಟಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ದಾನಿಗಳ ರಕ್ತಕ್ಕೆ ಐದನೆಯ ಪರೀಕ್ಷೆಯೂ ಬಂತು: ಹೆಪಟೈಟಿಸ್ ಸಿ. ಲಿವರಿನಲ್ಲಿ ಸೇರಿಕೊಂಡು, ಜ್ವರವಿಲ್ಲ, ನೋವಿಲ್ಲ, ಕಾಮಾಲೆಯೂ ಇಲ್ಲದೆ, ವರ್ಷಗಟ್ಟಲೆ ಅದನ್ನು ಸ್ವಲ್ಪ ಸ್ವಲ್ಪವೇ ಗಟ್ಟಿ ಮಾಡುತ್ತಾ ಹೋಗುವ ವೈರಸ್. ಹಾಗಾದರೆ ಈವರೆಗೆ ಬಾಟ್ಲಿ ಹಾಕಿಸಿಕೊಂಡ ನಮ್ಮ ಮಕ್ಕಳ ಗತಿ? ಅವರೆಲ್ಲರ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದೆ. ವೈರಸ್ ಇದೆ ಎಂದು ಬಂದ ವರದಿಗಳಲ್ಲಿ ಅಲ್ತಾಫನದೂ ಒಂದು.

ಅವನಿಗೆ ಆಗ ಹನ್ನೆರಡು. ಆಡುವಂತಿಲ್ಲವಾದ್ದರಿಂದ ಓಣಿಯ ಕ್ರಿಕೆಟ್ಟಿಗೆ ಖಾಯಂ ಅಂಪೈರ್. ನೋಡಲು ಚೆನ್ನಾಗಿಯೇ ಇದ್ದ, ಆದರೆ ಲಿವರ್ ಪರೀಕ್ಷೆಯ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಬೇರೆ ಮಕ್ಕಳಾದರೆ ಲಿವರಿನ ಚೂರು ತೆಗೆದು ಪರೀಕ್ಷಿಸಬಹುದು; ಇವನ ಲಿವರಿಗೆ ಸೂಜಿ ಹಾಕುವಂತಿಲ್ಲ. ಕತ್ತಲಲ್ಲೇ ತೀರ್ಮಾನ ಮಾಡಬೇಕು. ಬೆಂಗಳೂರಿನ ಲಿವರ್ ತಜ್ಞರು ಮಾಡಿ ಅಂದರು: ಈ ಬಗೆಯ ವೈರಸ್ಸಿಗೆ ಆರು ತಿಂಗಳ ಚಿಕಿತ್ಸೆ, ದಿನಾ ಮಾತ್ರೆ, ಜೊತೆಗೆ ಇಂಟರ್‌ಫೆರಾನ್ ಎಂಬ ಔಷಧಿ. ಅದನ್ನು ಉಚಿತವಾಗಿ ಕೊಡಲು ಒಂದು ಸಂಸ್ಥೆ ಒಪ್ಪಿತು, ಆ ವರ್ಷಕ್ಕೆ ಮಾತ್ರ.

ಇಂಟರ್‌ಫೆರಾನ್ ಬರುವುದು ಸೂಜಿಯಲ್ಲಿ. ವಾರಕ್ಕೆ ಮೂರು.

ಫಾತಿಮಾಬಿ ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಚೀಲದಿಂದ ಲ್ಯಾಮಿನೇಟ್ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅಂಚು ಸವೆದು, ಪಿನ್ನಿನ ತುಕ್ಕು ಹತ್ತಿತ್ತು.

“ಇದು ನಿಮ್ಮ ಬರವಣಿಗೆ ತಾನೇ?”

“ಹೌದು. ಆದ್ರೆ ಇದು ಬೇರೆ ಸೂಜಿ ಫಾತಿಮಾಬಿ. ಮಾಂಸಕ್ಕಲ್ಲ, ಚರ್ಮದ ಕೆಳಗೆ ಅಷ್ಟೇ. ಬಹಳ ಸಣ್ಣದು.”

“ಬೇರೆ ಸೂಜಿ ಅಂತ ಚೇಳೂರಿನೋರೂ ಅಂದಿದ್ರು.” ಬೆರಳನ್ನು ಕೊನೆಯ ಸಾಲಿನ ಮೇಲಿಟ್ಟರು. “ಯಾರು ಹೇಳಿದ್ರೂ ಅಂತ ಇದೆ. ಅದ್ರಲ್ಲಿ ನೀವು ಬರಲ್ವಾ?”

ನನ್ನ ವೃತ್ತಿಜೀವನದಲ್ಲಿ ಯಾರೂ ನನ್ನನ್ನು ಇಷ್ಟು ಅಚ್ಚುಕಟ್ಟಾಗಿ ಹಿಡಿದಿರಲಿಲ್ಲ. ಹಿಡಿದದ್ದು ನನ್ನದೇ ಬಲೆಯಲ್ಲಿ. ಅವರು ಅಲ್ಲಿಗೆ ಬಿಡಲಿಲ್ಲ.

“ಈ ಕಾಯಿಲೆ ಇವನಿಗೆ ಎಲ್ಲಿಂದ ಬಂತು?”

“ರಕ್ತದಿಂದ.”

“ಯಾವ ರಕ್ತ? ಏನೂ ಇಲ್ಲ ಅಂತ ಬರ್ದಿತ್ತಲ್ಲ, ಆ ಬಾಟ್ಲಿನಾ?”

ಇಲ್ಲಿ ಒಬ್ಬ ಒಳ್ಳೆಯ ಡಾಕ್ಟರು ಏನು ಹೇಳಬೇಕಿತ್ತು ಎಂದು ಈಗ ಗೊತ್ತು. ಆಗ ನಾನು ಮೂರು ಅಂಶ ಮಂಡಿಸಿದೆ. ಒಂದು, ಆ ಕಾಲಕ್ಕೆ ಈ ಪರೀಕ್ಷೆ ಕಡ್ಡಾಯವೇ ಇರಲಿಲ್ಲ. ಎರಡು, ಇಂಥದೇ ಬಾಟ್ಲಿಯಿಂದ ಬಂತು ಎಂದು ಸಾಬೀತು ಮಾಡಲಾಗದು. ಮೂರು, ಆ ಬಾಟ್ಲಿ ಹಾಕದಿದ್ದರೆ ಮಗು ಉಳಿಯುತ್ತಿತ್ತೇ? ಮೂರೂ ನಿಜ. ಮೂರನೆಯದು ಮುಗಿಯುವ ಹೊತ್ತಿಗೆ ಎದುರಿನ ಕುರ್ಚಿ ಖಾಲಿಯಾಗಿತ್ತು.

ಕಾಂತಮ್ಮ ಒಳಗೆ ಬಂದು ನೋಡಿದರು. “ಗೆದ್ರಿ ಮೇಡಂ. ಟಿಫನ್ ಬಾಕ್ಸೂ ಬಿಟ್ಟು ಹೋಗವ್ಳೆ ಪಾಪ, ಅಷ್ಟು ಬೇಗ ಎದ್ದವ್ಳೆ.”

ಮುಂದಿನ ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಸಂಸ್ಥೆಯವರು ಔಷಧಿ ಯಾವಾಗ ಶುರು, ಇಲ್ಲವಾದರೆ ಬೇರೆ ಮಗುವಿಗೆ ಕೊಡುತ್ತೇವೆ ಎಂದು ಎರಡು ಸಲ ಫೋನ್ ಮಾಡಿದರು. ರೌಂಡ್ಸ್ ಮುಗಿಸಿ ನನ್ನ ಕೋಣೆಗೆ ಬಂದ ಮುಖ್ಯಸ್ಥರು ಕೇಳಿದರು: “ಆ ಗುಬ್ಬಿ ಹುಡುಗ?”

“ಬಂದಿಲ್ಲ ಸರ್. ತಾಯಿ ಒಪ್ತಿಲ್ಲ.”

ನಾನು ‘ನೋಡಣ’ಕ್ಕಾಗಿ ಕಾದೆ. ಅವರು ನನ್ನ ಮೇಜಿನ ಮೇಲಿದ್ದ ಟಿಫನ್ ಬಾಕ್ಸನ್ನು ನೋಡಿ, “ಹೋಗಿ ಅದನ್ನ ಕೊಟ್ಟು ಬನ್ನಿ” ಅಂದರು.

ಗುಬ್ಬಿಯಲ್ಲಿ ಅವರ ಮನೆಯ ಮುಂಭಾಗವೇ ರಹಮತ್ತರ ಅಂಗಡಿ. ಓಣಿಯಲ್ಲಿ ಆಟ ನಡೆದಿತ್ತು. ಅಲ್ತಾಫ್ ಮಾರಾಟಕ್ಕಿಟ್ಟ ಟ್ರಂಕೊಂದರ ಮೇಲೆ ಕೂತು ಅಂಪೈರಿಂಗ್ ಮಾಡುತ್ತಿದ್ದ. ಫಾತಿಮಾಬಿ ಹೊಸ್ತಿಲಿಗೆ ಬಂದು ಟಿಫನ್ ಬಾಕ್ಸ್ ತೆಗೆದುಕೊಂಡರು, ಕೂರಿ ಅನ್ನಲಿಲ್ಲ. ನಾನು ಬಸ್ಸಿನಲ್ಲಿ ನಾಲ್ಕು ಹೊಸ ಅಂಶ ಸಿದ್ಧಮಾಡಿಕೊಂಡು ಹೋಗಿದ್ದೆ. ರಹಮತ್ ತಗಡು ಬಡಿಯುತ್ತಿದ್ದರು. ಆ ಸದ್ದಿನಲ್ಲಿ ನಾಲ್ಕು ಅಂಶ ಹೇಳುವುದು ಸಾಧ್ಯವಿರಲಿಲ್ಲ. ಚಿಕ್ಕದಾಗಿ ಹೇಳಬೇಕಿತ್ತು.

“ಆ ಬಾಟ್ಲಿ ಹಾಕಿಸಿದ್ದು ನಾನೇ” ಅಂದೆ.

“ಏನು?” ಅಂದರು.

ಇನ್ನೊಮ್ಮೆ ಹೇಳಿದೆ. ಕೇಳಿಸಲಿಲ್ಲವೆಂದು ಕೈಸನ್ನೆ ಮಾಡಿದರು. ಮೂರನೆಯ ಸಲ ಕೂಗಿ ಹೇಳುವಾಗಲೇ ರಹಮತ್ ಸುತ್ತಿಗೆ ನಿಲ್ಲಿಸಿದರು. “ಬಾಟ್ಲಿ ಹಾಕಿಸಿದ್ದು ನಾನೇ! ಏನೂ ಇಲ್ಲ ಅಂದಿದ್ದೂ ನಾನೇ! ನೋಡಿದ್ದು ನಾಲ್ಕೇ ಕಾಯಿಲೆ, ಇದನ್ನ ನೋಡಿರ್ಲಿಲ್ಲ! ಅದನ್ನ ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ!” ಓಣಿಯಲ್ಲಿ ಬೌಲರ್ ಕೂಡ ನಿಂತುಬಿಟ್ಟ. ತಪ್ಪನ್ನು ಒಪ್ಪಿಕೊಳ್ಳುವವರು ಸಾಧ್ಯವಾದರೆ ತಗಡಿನ ಅಂಗಡಿಯಲ್ಲಿ ಒಪ್ಪಿಕೊಳ್ಳಬಾರದು.

ಫಾತಿಮಾಬಿ ಟಿಫನ್ ಬಾಕ್ಸನ್ನು ಒಂದು ಟ್ರಂಕಿನ ಮೇಲಿಟ್ಟರು.

“ಈ ಸೂಜಿ ಹಾಕಿದ್ರೆ ಕಾಯಿಲೆ ಹೋಗುತ್ತಾ?”

“ಹೋಗ್ಬಹುದು. ಹೋಗ್ದೇನೂ ಇರ್ಬಹುದು.”

“ಗ್ಯಾರಂಟಿ ಇಲ್ವಾ?”

“ಇಲ್ಲ.”

“ತೊಂದ್ರೆ ಏನಾದ್ರೂ ಆಗುತ್ತಾ?”

“ಆಗುತ್ತೆ. ಜ್ವರ ಬರುತ್ತೆ, ಕೂದಲು ಉದುರುತ್ತೆ, ಸಿಟ್ಟು ಜಾಸ್ತಿಯಾಗುತ್ತೆ. ರಕ್ತದ ಕಣ ಇಳಿಯುತ್ತೆ, ಇವನಿಗೆ ಅದು ಅಪಾಯ. ವಾರವಾರ ನೋಡ್ಬೇಕು.”

ನನ್ನ ಪಕ್ಷವನ್ನು ನಾನೇ ಇಷ್ಟು ಕೆಟ್ಟದಾಗಿ ಮಂಡಿಸಿದ್ದು ಅದೇ ಮೊದಲು. ಅವರು ಸ್ಟೂಲು ಎಳೆದು, “ಕೂರಿ ಡಾಕ್ಟ್ರಮ್ಮ” ಅಂದರು.

“ಹಾಕಣ. ಆದ್ರೆ ನೀವು ಚುಚ್ಚಬೇಡಿ, ಸಿಸ್ಟರೂ ಬೇಡ. ನನಗೆ ಹೇಳ್ಕೊಡಿ. ಏನಾದ್ರೂ ಆದ್ರೆ ನನ್ನ ಕೈಯಿಂದ ಆಯ್ತು ಅಂತಿರ್ಲಿ. ಇನ್ನೊಬ್ರನ್ನ ಬೈಕೊಂಡು ಬದುಕೋಕೆ ನನ್ ಕೈಲಾಗಲ್ಲ.” ಆಮೇಲೆ ಚೀಟಿ ತಂದು ಕೊಟ್ಟು, “ಇದನ್ನ ತಿದ್ದಿ” ಅಂದರು. ಲ್ಯಾಮಿನೇಷನ್ ಕಿತ್ತು, ಕೊನೆಯ ಸಾಲಿನ ಕೆಳಗೆ ‘ಅವನ ತಾಯಿಯ ಹೊರತು’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದೆ.

ಚುಚ್ಚುವುದನ್ನು ಕಾಂತಮ್ಮ ಕಲಿಸಿದರು, ಬದನೇಕಾಯಿ ಮೇಲೆ. ಎಲ್ಲರೂ ಬಳಸುವ ಮೂಸಂಬಿಯ ಸಿಪ್ಪೆ ದಪ್ಪ, ಮಗುವಿನ ಚರ್ಮಕ್ಕೆ ಎಳೆ ಬದನೇಕಾಯಿಯೇ ಸರಿ ಎಂಬುದು ಅವರ ವಾದ. ಫಾತಿಮಾಬಿ ಒಂದು ವಾರದಲ್ಲಿ ಎರಡು ಕಿಲೋ ಬದನೇಕಾಯಿ ಚುಚ್ಚಿದರು. ಬರೀ ನೀರು ತುಂಬಿದ್ದಾದರೂ ಅದರ ಪಲ್ಯವನ್ನು ರಹಮತ್ ತಿನ್ನಲು ಒಪ್ಪಲಿಲ್ಲವಂತೆ. “ಇಂಜೆಕ್ಷನ್ ತಗೊಂಡಿರೋ ಬದನೇಕಾಯಿ ನನಗೆ ಯಾಕೆ, ನಾನೇನು ಪೇಷೆಂಟಾ?” ಎಂದರಂತೆ.

ಔಷಧಿಯನ್ನು ತಣ್ಣಗೆ ಇಡಬೇಕು. ಪಕ್ಕದ ಮನೆಯ ಮೇಷ್ಟರ ಫ್ರಿಜ್ಜಿನಲ್ಲಿ ಜಾಗ ಸಿಕ್ಕಿತು, ಕರೆಂಟು ಸಿಗಲಿಲ್ಲ. ಕರೆಂಟು ಹೋದಾಗ ಇಡಲೆಂದು ರಹಮತ್ ತಾವೇ ಒಂದು ಪೆಟ್ಟಿಗೆ ಮಾಡಿದರು. ಎರಡು ಪದರದ ತಗಡು, ನಡುವೆ ತೆಂಗಿನ ನಾರು, ಒಳಗೆ ಐಸ್‌ಕ್ಯಾಂಡಿಯವರಿಂದ ತಂದ ಐಸು. ನಾನು ಅದನ್ನು ನೋಡಿ ಹೊಗಳಿದೆ. ಎರಡನೆಯ ತಿಂಗಳಲ್ಲಿ ಫಾತಿಮಾಬಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು.

“ಡಾಕ್ಟ್ರಮ್ಮ, ಔಷಧಿ ಕಲ್ಲಾಗಿದೆ. ಕರಗಿಸಿ ಹಾಕ್ಲಾ?”

ಐಸು ಇನ್ನಷ್ಟು ತಣ್ಣಗಿರಲೆಂದು ರಹಮತ್ ಅದಕ್ಕೆ ಕಲ್ಲುಪ್ಪು ಸೇರಿಸಿದ್ದರು. ಕುಲ್ಫಿ ಮಾಡುವವರು ಹಾಗೇ ಮಾಡುತ್ತಾರೆ, ಔಷಧಿಯೂ ಕುಲ್ಫಿಯಂತೆಯೇ ಗಟ್ಟಿಯಾಯಿತು. ಹೆಪ್ಪುಗಟ್ಟಿದ ಇಂಟರ್‌ಫೆರಾನ್ ಕೆಲಸಕ್ಕೆ ಬಾರದು. ಒಂದು ವಾರದ ಔಷಧಿ ಎಸೆಯಬೇಕಾಯಿತು.

“ಮೇಡಂ, ತಣ್ಣಗಿಡಿ ಅಂದ್ರಿ, ಇಟ್ಟೆ” ಎಂದು ರಹಮತ್ ಫೋನಿನಲ್ಲಿ ನೊಂದುಕೊಂಡರು. “ಇಷ್ಟಕ್ಕಿಂತ ಜಾಸ್ತಿ ತಣ್ಣಗೆ ಬೇಡ ಅಂತ ಹೇಳ್ಲಿಲ್ವಲ್ಲ.”

ಹೇಳಿರಲಿಲ್ಲ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಬರೆದುಕೊಟ್ಟ ಸೂಚನೆಗಳಲ್ಲಿ ಆ ಒಂದು ಸಾಲು ಬಿಟ್ಟಿದ್ದೆ. ಹೊಸಬರು ಇದನ್ನು ಗುರುತು ಹಾಕಿಕೊಳ್ಳಬಹುದು: ಏನು ಮಾಡಬೇಕು ಎಂದು ಹೇಳಿದರೆ ಸಾಲದು, ಅದನ್ನು ಎಲ್ಲಿಗೆ ನಿಲ್ಲಿಸಬೇಕು ಎಂದೂ ಹೇಳಬೇಕು. ಪುಸ್ತಕದಲ್ಲಿ ಕುಲ್ಫಿಯ ವಿಚಾರ ಬರುವುದಿಲ್ಲ.

ಮೂರನೆಯ ತಿಂಗಳಲ್ಲಿ ಓಣಿಯ ಹುಡುಗರು ಫಾತಿಮಾಬಿಯ ಹತ್ತಿರ ದೂರು ತಂದರು: “ಆಂಟಿ, ಅಲ್ತಾಫ್ ಎಲ್ರನ್ನೂ ಔಟ್ ಕೊಡ್ತಾವ್ನೆ!” ಅವರು ಅದನ್ನು ನನಗೆ ಹೇಳಿದರು. ಸಿಡುಕು ಈ ಔಷಧಿಯ ಗುಣವೇ ಎಂದು ನಾನು ಗಂಭೀರವಾಗಿ ಬರೆದುಕೊಂಡು ಹುಡುಗನನ್ನು ವಿಚಾರಿಸಿದೆ.

“ಔಟಾಗಿದ್ರು, ಕೊಟ್ಟೆ” ಅಂದ.

“ಎಲ್ರೂನಾ?”

“ಮೊದಲೂ ಔಟಾಗ್ತಿದ್ರು ಮೇಡಂ. ಆಗ ಪಾಪ ಅಂತ ಬಿಡ್ತಿದ್ದೆ. ಈಗ ಪಾಪ ಅನ್ಸಲ್ಲ.”

ಆಮೇಲೆ ತಲೆ ಬಗ್ಗಿಸಿ, ಊಟ ಸೇರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂದೂ ಹೇಳಿದ. ರಕ್ತದ ಕಣಗಳೂ ಇಳಿದಿದ್ದವು. ಬೆಂಗಳೂರಿಗೆ ಫೋನ್ ಮಾಡಿ ಎರಡು ವಾರ ಪ್ರಮಾಣ ತಗ್ಗಿಸಿದೆವು. ಆ ಎರಡು ವಾರ ಅವನನ್ನು ಅಂಪೈರಿಂಗಿನಿಂದ ಬಿಡಿಸಿ ಸ್ಕೋರು ಬರೆಯಲು ಕೂರಿಸಿದರಂತೆ. ಕಣಗಳು ಮೇಲೆ ಬಂದವು. ಅವನೂ ಟ್ರಂಕಿನ ಮೇಲಕ್ಕೆ ವಾಪಸಾದ. ಆರು ತಿಂಗಳು ಮುಗಿದಾಗ, ಹಾಳಾದ ವಾರದ ಲೆಕ್ಕಕ್ಕೆ ಇನ್ನೊಂದು ವಾರ ಸೇರಿಸಿ ನಿಲ್ಲಿಸಿದೆವು. ಒಂದು ಚುಚ್ಚಿಗೂ ರಕ್ತ ಸೋರಿ ಊತ ಬರಲಿಲ್ಲ.

ಔಷಧಿ ನಿಲ್ಲಿಸಿದಾಗ ವೈರಸ್ ಕಾಣಿಸಲಿಲ್ಲ. ಆದರೆ ಮರಳಿ ಬರುವುದುಂಟು. ಇನ್ನಾರು ತಿಂಗಳು ಕಾದು ನೋಡಿದರೇ ತೀರ್ಮಾನ. ಕಾಯುತ್ತಿದ್ದಾಗ ಹುಲಿಯೂರುದುರ್ಗದ ಕಡೆಯ ಒಬ್ಬ ತಾಯಿ ಅದೇ ವೈರಸ್ ಇದ್ದ ಮಗುವನ್ನು ಕರೆತಂದು, ನಾನು ಸೂಜಿ ಎಂದೊಡನೆ ಅದೇ ಚೀಟಿಯನ್ನು ಮೇಜಿನ ಮೇಲಿಟ್ಟರು. ನಾನು ವಾದಕ್ಕಿಳಿಯಲಿಲ್ಲ. ಹೊರಗೆ ಬೆಂಚಿನ ಮೇಲಿದ್ದ ಫಾತಿಮಾಬಿಯ ಪಕ್ಕ ಕೂರಿಸಿದೆ. ಅರ್ಧ ಗಂಟೆಯ ಮೇಲೆ ಕಾಂತಮ್ಮ ಬಂದು, “ಒಪ್ಕೊಂಡ್ಲು ಮೇಡಂ. ಬದನೇಕಾಯಿ ಎಲ್ಲಿ ಸಿಗುತ್ತೆ ಅಂತ ಕೇಳ್ತಾವ್ಳೆ” ಅಂದರು.

ಈಗ ಈ ವೈರಸ್ಸಿಗೆ ಮಾತ್ರೆ ಬಂದಿದೆ. ಕೆಲವೇ ತಿಂಗಳು ನುಂಗಿದರೆ ಸಾಕು, ಸೂಜಿಯ ಮಾತೇ ಇಲ್ಲ. ಈಗಿನ ಡಾಕ್ಟರುಗಳು ನಮ್ಮ ಕಷ್ಟ ಕೇಳಿ ಅಯ್ಯೋ ಅನ್ನುತ್ತಾರೆ. ಅನ್ನಲಿ. ಮಾತ್ರೆಯ ಡಬ್ಬಿಯ ಮೇಲೂ ಏನೋ ಬರೆದಿರುತ್ತದೆ; ಅದನ್ನು ಓದಿ ಹೇಳುವವರು ಅವರೇ.

ಕೊನೆಯ ವರದಿ ಬಂದ ದಿನ ಮೂವರೂ ಬಂದಿದ್ದರು. ರಹಮತ್ ಬಾಗಿಲ ಬಳಿ, ಅಲ್ತಾಫ್ ಕುರ್ಚಿಯ ತುದಿಯಲ್ಲಿ. ಫಾತಿಮಾಬಿ ನನ್ನ ಮುಖ ನೋಡಲಿಲ್ಲ, ಕಾಗದ ನೋಡಿದರು. ನಾನು ಓದಿದೆ: ವೈರಸ್ ಕಂಡುಬಂದಿಲ್ಲ.

ರಹಮತ್ ಏನೋ ಪ್ರಾರ್ಥನೆ ಹೇಳಿಕೊಂಡು ಮುಖ ಒರೆಸಿಕೊಂಡರು. ಫಾತಿಮಾಬಿ ಕಾಗದದ ಮೇಲೆ ಬೆರಳಿಟ್ಟರು.

“ಕಂಡುಬಂದಿಲ್ಲ ಅಂದ್ರೆ ಇಲ್ಲ ಅಂತಾನಾ? ಇಲ್ಲ, ನಮಗೆ ನೋಡೋಕೆ ಗೊತ್ತಿಲ್ಲ ಅಂತಾನಾ?”

ಹನ್ನೊಂದು ಬಹುಮಾನ ಕೊಟ್ಟ ತೀರ್ಪುಗಾರರಲ್ಲಿ ಒಬ್ಬರೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಎಂಟು ವರ್ಷ ಹಿಂದಾಗಿದ್ದರೆ ಉತ್ತರ ನಾಲಗೆಯ ತುದಿಯಲ್ಲಿರುತ್ತಿತ್ತು. ಈಗ ವರದಿಯನ್ನು ಇನ್ನೊಮ್ಮೆ ಓದಿದೆ.

“ನಮಗೆ ನೋಡೋಕೆ ಗೊತ್ತಿರೋ ಮಟ್ಟಿಗೆ ಇಲ್ಲ. ವರ್ಷಕ್ಕೊಂದ್ಸಲ ನೋಡ್ತಾ ಇರಣ.”

“ಡೌಟ್ ಇದ್ರೆ ನಾಟ್ ಔಟ್ ಅಮ್ಮಿ” ಎಂದ ಅಲ್ತಾಫ್.

“ನೀನು ಸುಮ್ನಿರೋ” ಅಂದರು ಅವರು. ಆಮೇಲೆ ವರದಿಯನ್ನು ನನ್ನ ಕಡೆ ತಳ್ಳಿದರು. “ಈಗ ಅಂದ್ರಲ್ಲ, ಅದನ್ನ ಕನ್ನಡದಲ್ಲಿ ಬರ್ಕೊಡಿ.”

ವರದಿಯ ಕೆಳಗೆ ಬರೆದೆ: ‘ಸದ್ಯಕ್ಕೆ ನಮಗೆ ನೋಡಲು ಗೊತ್ತಿರುವ ಮಟ್ಟಿಗೆ ಈ ಮಗುವಿನಲ್ಲಿ ವೈರಸ್ ಇಲ್ಲ.’ ಅವರು ತೆಗೆದುಕೊಂಡು, ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಹಿಂದೆ ತಿರುಗಿಸಿಯೂ ನೋಡಿದರು.

“ಯಾರು ಹೇಳಿದರೂ ಅಂತ ಸೇರಿಸ್ಲಿಲ್ವಾ?”

“ಇಲ್ಲ.”

“ಹಾಗಾದ್ರೆ ನಂಬ್ತೀನಿ” ಎಂದು ಮಡಿಚಿ, ಹಳೆಯ ಚೀಟಿಯ ಜೊತೆಗೆ ಟಿಫನ್ ಬಾಕ್ಸಿನ ಚೀಲದೊಳಗೆ ಇಟ್ಟುಕೊಂಡರು.